ದಿನಕ್ಕೊಂದು ಸೆಕೆಂಡ್

ಸಿನಿಮಾದ ಒಂದು ಸೆಕೆಂಡಿನಲ್ಲಿ 24 ಚಿತ್ರಗಳಿರುತ್ತವೆ. ಅನಿಮೇಷನ್ ಮಾಡುವವರು ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮ್ ನಿಲ್ಲಿಸಿ ಈ ಲೆಕ್ಕವನ್ನು ಹನ್ನೆರಡಕ್ಕೆ ಇಳಿಸಿಕೊಳ್ಳುವುದುಂಟು. ನೋಡುವವರ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಹಾಗೆ ಮಾಡಿದರೂ ಮೂರು ನಿಮಿಷದ ಕಿರುಚಿತ್ರಕ್ಕೆ 2,160 ಚಿತ್ರ ಬೇಕು. ತೊಂಬತ್ತು ಸೆಕೆಂಡಿನದಾದರೆ 1,080. ನಾನು ಬಿಇ ಮೂರನೇ ವರ್ಷದಲ್ಲಿದ್ದೇನೆ. ದಿನಾ ನಲ್ಲೂರಿನಿಂದ ದಾವಣಗೆರೆಗೆ ಬಸ್ಸು, ಸಂಜೆ ಮನೆಗೆ ಬಂದರೆ ಅಸೈನ್‌ಮೆಂಟು, ರೆಕಾರ್ಡು. ಇದೆಲ್ಲ ಮುಗಿದು ಕೈಯಲ್ಲಿ ಉಳಿಯುವುದು ರಾತ್ರಿಯ ಒಂದೂವರೆ ಗಂಟೆ. ಅಷ್ಟರಲ್ಲಿ ಹನ್ನೆರಡು ಚಿತ್ರ, ಅಂದರೆ ಒಂದು ಸೆಕೆಂಡಿನ ಸಿನಿಮಾ ಆರಾಮಾಗಿ ಆಗುತ್ತದೆ. ಕ್ಯಾಲ್ಕುಲೇಟರ್ ಒತ್ತಿ ನೋಡಿ ತೊಂಬತ್ತು ಸೆಕೆಂಡನ್ನೇ ಆರಿಸಿಕೊಂಡೆ. ಲೆಕ್ಕಕ್ಕೆ ತೊಂಬತ್ತೇ ರಾತ್ರಿ. ಇಂಟರ್ನಲ್ಸ್, ಲ್ಯಾಬು, ಹಬ್ಬ, ಅಡಿಕೆ ಸುಗ್ಗಿ ಎಲ್ಲ ಸೇರಿಸಿ ಒಂದು ವರ್ಷ ಎಂದಿಟ್ಟುಕೊಂಡೆ.

ಈಗ ಏಳು ತಿಂಗಳಾಗಿದೆ. 52 ಸೆಕೆಂಡ್ ಮುಗಿದಿದೆ.

ಈ ಸಿನಿಮಾವನ್ನು ಮಾಡು ಎಂದು ಯಾರೂ ನನಗೆ ಹೇಳಿಲ್ಲ. ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಮಾರ್ಕ್ಸ್ ಇಲ್ಲ, ಕೊನೇ ದಿನಾಂಕವಿಲ್ಲ. ‘ಇದಕ್ಕೆ ಆಕ್ಟಿವಿಟಿ ಪಾಯಿಂಟ್ ಏನಾದ್ರೂ ಕೊಡ್ತಾರೇನೋ?’ ಎಂದು ಗೆಳೆಯನೊಬ್ಬ ಕೇಳಿದ. ಇಲ್ಲ ಎಂದೆ. ‘ಮತ್ತೆ?’ ಎಂದ. ಆ ‘ಮತ್ತೆ’ಗೆ ಉತ್ತರ ಹುಡುಕುವುದೇ ಈ ಏಳು ತಿಂಗಳಲ್ಲಿ ಗೊಂಬೆ ಕತ್ತರಿಸುವುದಕ್ಕಿಂತ ದೊಡ್ಡ ಕೆಲಸವಾಗಿದೆ. ಹೊರಗಿನಿಂದ ಯಾರೂ ತಳ್ಳದ ಕೆಲಸವನ್ನು ಮುಂದುವರಿಸುವುದು ಹೇಗೆ? ಕೆಪಿಎಸ್‌ಸಿ, ಬ್ಯಾಂಕಿಂಗ್ ಎಂದು ಮನೆಯಲ್ಲೇ ಕೂತು ಓದುವವರಿಗೂ ಈ ಪ್ರಶ್ನೆ ಹೊಸದಲ್ಲ.

ನಾನು ಮಾಡುತ್ತಿರುವುದು ನಮ್ಮ ಸೂಳೆಕೆರೆಯ ಕತೆ. ಏಷ್ಯಾದ ದೊಡ್ಡ ಕೆರೆಗಳಲ್ಲೊಂದು ಎಂದು ಶಾಲೆಯಲ್ಲಿ ಓದಿದ, ಚನ್ನಗಿರಿ ಕಡೆಯವರು ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುವ ಕೆರೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಅದಕ್ಕೆ ಬೇಕಾದ ಜಾಗ ಸೂಳೆಯರದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಎಂದರಂತೆ. ಅವಳು ಒಪ್ಪಿಕೊಂಡಳಂತೆ. ಇದು ಜನ ಹೇಳುವ ಕತೆ, ಶಾಸನವಲ್ಲ. ಈಗ ಕೆರೆಗೆ ಶಾಂತಿಸಾಗರ ಎಂಬ ಸಭ್ಯವಾದ ಹೆಸರೂ ಇದೆ. ಜಾಗ ಕೊಟ್ಟವರು ಬದಲಿಗೆ ಕೇಳಿದ್ದು ಹೆಸರೊಂದನ್ನೇ, ಅದನ್ನು ಹೇಳುವುದಕ್ಕೂ ನಾವು ನಾಚಿಕೊಂಡರೆ ಹೇಗೆ ಎಂಬುದು ನನ್ನ ತಕರಾರು. ತೊಂಬತ್ತು ಸೆಕೆಂಡಿನಲ್ಲಿ ಹೇಳಬೇಕಿರುವುದು ಇಷ್ಟೇ.

ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ಹಳೇ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ಗೊಂಬೆ ಕತ್ತರಿಸುತ್ತೇನೆ. ತಲೆ, ತೋಳು, ಮುಂಗೈ, ಸೊಂಟ, ಕಾಲು ಎಲ್ಲ ಬೇರೆ ಬೇರೆ. ಕೀಲುಗಳಿಗೆ ಹಳೇ ವೈರಿನೊಳಗಿನ ತಾಮ್ರದ ಎಳೆ. ಎರಡು ಸ್ಟೂಲಿನ ಮೇಲೆ ಕಿಟಕಿಯ ಗಾಜು, ಗಾಜಿನ ಮೇಲೆ ಬೆಣ್ಣೆಕಾಗದ, ಕೆಳಗೆ ಎಲ್‌ಇಡಿ ಬಲ್ಬು. ಮೇಲಿನಿಂದ ಮೊಬೈಲು ಕೆಳಗೆ ನೋಡುತ್ತಿರುತ್ತದೆ. ಗೊಂಬೆಯ ತೋಳನ್ನು ಕೂದಲೆಳೆಯಷ್ಟು ಸರಿಸು, ಫೋಟೊ ತೆಗೆ, ಮತ್ತೆ ಸರಿಸು. ಮೊಬೈಲಿನ ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಳ್ಳಲು ಬಿಟ್ಟರೆ ಸಿನಿಮಾ ಪೂರ್ತಿ ಮಿಣಮಿಣ ಎನ್ನುತ್ತದೆ. ಆದ್ದರಿಂದ ಎಕ್ಸ್‌ಪೋಷರನ್ನೂ ಫೋಕಸನ್ನೂ ಲಾಕ್ ಮಾಡುವುದು ಕಡ್ಡಾಯ.

ನೆರಳಿನ ಗೊಂಬೆಗಳಿಗೆ ಕಣ್ಣು ಮೂಗು ಬರೆಯಬೇಕಾಗಿಲ್ಲ ಎಂಬುದು ನನ್ನಂಥ ಅರ್ಧಂಬರ್ಧ ಚಿತ್ರಕಾರನಿಗೆ ದೊಡ್ಡ ಅನುಕೂಲ. ಆದರೆ ಕಡಿಮೆ ಕೆಲಸವೆಂದು ತಿಳಿಯಬೇಡಿ. ಜರ್ಮನಿಯ ಲೊಟ್ಟೆ ರೈನಿಗರ್ ಹೀಗೇ ಕತ್ತರಿಸಿದ ನೆರಳುಚಿತ್ರಗಳಿಂದ ಒಂದು ಗಂಟೆಗೂ ಮಿಕ್ಕಿದ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಖ್ಮದ್’ ಮಾಡಿದರು. ಅದು 1926ರ ಚಿತ್ರ. ಇಂದಿಗೆ ಉಳಿದಿರುವ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಮೂರು ವರ್ಷ ಹಿಡಿದ ಕೆಲಸ. ನಮ್ಮಲ್ಲಂತೂ ನೆರಳು ಕುಣಿಸುವುದು ಹೊಸದೇನಲ್ಲ. ತೊಗಲುಗೊಂಬೆಯಾಟದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಪರದೆಯ ಹಿಂದೆ ಅವರು ಒಂದು ಕ್ಷಣದಲ್ಲಿ ಆಡಿಸುವ ಕೈಯನ್ನು ನಾನು ಆಡಿಸಲು ಒಂದು ರಾತ್ರಿ ಬೇಕು!

ಮೊದಲ ಮೂರು ವಾರ ಹುರುಪು ತಾನಾಗಿ ಇರುತ್ತದೆ. ಎಲ್ಲರಿಗೂ ಇರುತ್ತದೆ. ಕಷ್ಟ ಬರುವುದು ಹದಿನೈದು ಇಪ್ಪತ್ತು ಸೆಕೆಂಡಿನ ಸಿನಿಮಾ ಕೈಗೆ ಬಂದಾಗ. ಆಗ ಹೊಸತನ ಹೋಗಿರುತ್ತದೆ, ಮುಗಿಯುವುದು ಕಣ್ಣಿಗೆ ಕಾಣುತ್ತಿರುವುದಿಲ್ಲ. ಈ ಹೊತ್ತಿನಲ್ಲಿ ಯೂಟ್ಯೂಬಿನ ಸ್ಫೂರ್ತಿ ಭಾಷಣಗಳಿಂದ ಸಿಗುವುದು ಹತ್ತು ನಿಮಿಷದ ಬಿಸಿ. ಅಷ್ಟು ಹೊತ್ತಿನಲ್ಲಿ ಎರಡು ಫೋಟೊ ತೆಗೆಯಬಹುದಿತ್ತು.

ನನಗೆ ಆಗ ಉಪಯೋಗಕ್ಕೆ ಬಂದದ್ದು ಒಂದು ಬಟಾಣಿ ಗಿಡ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಮಾಡುವುದಕ್ಕೆ ಮುಂಚೆ ಹಣ ಹಾಕುವವರನ್ನು ಒಪ್ಪಿಸಬೇಕಿತ್ತು. ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾವನ್ನು ಅದರ ಮುಂದೆ ಇಟ್ಟು, ದಿನಕ್ಕೊಂದು ಫ್ರೇಮಿನಂತೆ ಒಂದು ತಿಂಗಳಿಗೂ ಹೆಚ್ಚು ಕಾಲ ತೆಗೆದರು. ಬೀಜ ಮೊಳೆತು ಗಿಡವಾಗುವ ಪುಟ್ಟ ಚಿತ್ರ ಅದು. ಮುಂದೆ ಭಾರತೀಯ ಸಿನಿಮಾದ ಪಿತಾಮಹ ಎನಿಸಿಕೊಳ್ಳಲಿದ್ದ ಮನುಷ್ಯ ಆ ದಿನಗಳಲ್ಲಿ ಸಿನಿಮಾಕ್ಕೆಂದು ಮಾಡಬೇಕಿದ್ದ ಚಿತ್ರೀಕರಣ ದಿನಕ್ಕೆ ಒಂದು ಫ್ರೇಮ್. ಅದಕ್ಕೆ ಹುರುಪು ಬೇಕಾಗಿಲ್ಲ, ನೆನಪಿದ್ದರೆ ಸಾಕು. ಗಿಡ ಬೆಳೆಯುವುದು ಫಾಲ್ಕೆಯವರ ಮೂಡ್ ಕೇಳಿಕೊಂಡಲ್ಲ. ಇವತ್ತಿನ ಫ್ರೇಮ್ ತಪ್ಪಿದರೆ ಅದು ಮತ್ತೆ ಸಿಗುವುದೂ ಇಲ್ಲ.

ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಯೇ ಬೇರೆಯಾಯಿತು. ‘ಇವತ್ತು ಮನಸ್ಸಿದೆಯಾ?’ ಎನ್ನುವುದನ್ನು ಬಿಟ್ಟು ‘ಇವತ್ತಿನ ಸೆಕೆಂಡ್ ಯಾವುದು?’ ಎಂದು ಕೇಳಿಕೊಳ್ಳಲಾರಂಭಿಸಿದೆ. ಬಸ್ಸಿನಲ್ಲೇ ಅದನ್ನು ತೀರ್ಮಾನಿಸಿರುತ್ತೇನೆ. ಶಾಂತವ್ವ ತಲೆ ಎತ್ತಿ ಗುಡ್ಡ ನೋಡುತ್ತಾಳೆ, ಅಷ್ಟೇ. ರಾತ್ರಿ ಗಾಜಿನ ಮುಂದೆ ಕೂತ ಮೇಲೆ ಯೋಚನೆ ಮಾಡುವುದಿರಬಾರದು. ಇನ್ನೊಂದು ಪದ್ಧತಿಯೆಂದರೆ, ತೆಗೆದ ಚೂರನ್ನು ಅವತ್ತೇ ಸದ್ದಿನ ಸಮೇತ ಜೋಡಿಸಿ ನೋಡಿ ಮಲಗುವುದು. ಎಲ್ಲ ಚಿತ್ರ ಮುಗಿಯಲಿ, ಆಮೇಲೆ ಸದ್ದು ಎಂದರೆ ಹನ್ನೊಂದು ತಿಂಗಳು ಮೂಕ ಗೊಂಬೆಗಳ ಜೊತೆ ಇರಬೇಕಾಗುತ್ತದೆ. ಒಂದೇ ಸೆಕೆಂಡ್ ಆದರೂ ಅದು ಪೂರ್ತಿ ಸಿನಿಮಾದ ಹಾಗೆ ಉಸಿರಾಡಿದರೆ ನಾಳೆ ಕೂರಲು ಅಷ್ಟು ಸಾಕಾಗುತ್ತದೆ.

ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಹೆಸರನ್ನು ಬಹಳ ಜನ ಕೇಳಿರಬಹುದು. ಬೆಕ್ಕಿನ ಕತೆಯ ‘ಫ್ಲೋ’ಗೆ 2025ರಲ್ಲಿ ಆಸ್ಕರ್ ಬಂತು. ನಮ್ಮ ಹುಡುಗರು ಮಾತಾಡಿಕೊಂಡಿದ್ದು ಅದನ್ನು ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಮಾಡಿದ್ದಾರೆ ಎಂದು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಅದಕ್ಕೂ ಹಿಂದಿನ ‘ಅವೇ’. 2019ರ ಆ ಚಿತ್ರವನ್ನು, ಸಂಗೀತವೂ ಸೇರಿ, ಅವರೊಬ್ಬರೇ ಸುಮಾರು ಮೂರೂವರೆ ವರ್ಷ ಕೂತು ಮಾಡಿದರು. ಚಿತ್ರದಲ್ಲಿ ನಾಲ್ಕು ಅಧ್ಯಾಯಗಳಿವೆ, ಮಾತಿಲ್ಲ. ಒಬ್ಬನಿಂದ ಆಗದ್ದನ್ನು ಕತೆಯಿಂದಲೇ ತೆಗೆದುಹಾಕುವುದು ಸೋಮಾರಿತನವಲ್ಲ, ಅದೂ ನಿರ್ದೇಶನವೇ. ನನ್ನ ಶಾಂತವ್ವನೂ ಮಾತಾಡುವುದಿಲ್ಲ.

ಇದಕ್ಕೆ ಎದುರಿನ ಉದಾಹರಣೆಯೂ ಇದೆ. ಮಂಜಿನಲ್ಲಿ ದಾರಿ ತಪ್ಪುವ ಮುಳ್ಳುಹಂದಿಯ ಹತ್ತು ನಿಮಿಷದ ಚಿತ್ರವನ್ನು 1975ರಲ್ಲಿ ಮಾಡಿ ಜಗತ್ತಿನ ಮೆಚ್ಚುಗೆ ಪಡೆದ ರಷ್ಯಾದ ಯೂರಿ ನೊರ್ಸ್ಟೀನ್, ಗೊಗೊಲ್‌ನ ‘ದಿ ಓವರ್‌ಕೋಟ್’ ಕತೆಯನ್ನು 1981ರಲ್ಲಿ ಕೈಗೆತ್ತಿಕೊಂಡರು. ಅದು ಇನ್ನೂ ಮುಗಿದಿಲ್ಲ. ಅವರಿಗೆ ಹುರುಪು ಕಡಿಮೆಯಾಯಿತು ಎಂದು ಯಾರು ತಾನೇ ಹೇಳಬಲ್ಲರು? ನಲವತ್ತು ವರ್ಷ ಒಂದೇ ಚಿತ್ರಕ್ಕೆ ಅಂಟಿಕೊಂಡವರಲ್ಲಿ ಪ್ರೀತಿಗೆ ಕೊರತೆಯಿರುವುದಿಲ್ಲ. ಪ್ರೀತಿ ಬೇರೆ, ಮುಗಿಸುವುದು ಬೇರೆ. ನನಗೆ ಎರಡನೆಯದು ಬೇಕು. ನೊರ್ಸ್ಟೀನ್ ಅವರ ಕೈಚಳಕವಂತೂ ನನಗಿಲ್ಲ, ಹಾಗಾಗಿ ಅವರಷ್ಟು ಕಾಲ ಕಾಯುವ ಹಕ್ಕೂ ಇಲ್ಲ.

ನಮ್ಮ ನಾಡಿನಲ್ಲೇ ಹೊಟ್ಟೆಪಾಡಿನ ಕೆಲಸದ ಜೊತೆಗೆ ಇಂಥದ್ದನ್ನು ಮುಗಿಸಿದವರು ಬೆಂಗಳೂರಿನ ವಿ. ರವಿಶಂಕರ್. ಇನ್ಫೊಸಿಸ್‌ನಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಅವರು, ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಕೇಳಿ ಕಣ್ಣೀರು ಹಾಕಿದ ಗೋವಿನ ಕತೆಯನ್ನು ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವಾಗಿಸಿದರು. ಸಾರ್ವಜನಿಕರಿಂದ ಹಣ ಕೂಡಿಸಿದರು. ಬೇರೆ ಬೇರೆ ಊರುಗಳಲ್ಲಿದ್ದ ಕಲಾವಿದರು ಅಲ್ಲಲ್ಲೇ ಕೂತು ಕೆಲಸ ಮಾಡಿದರು. ಇಳಯರಾಜ ಸಂಗೀತ ಕೊಟ್ಟರು, ರೇವತಿ ದನಿ ಕೊಟ್ಟರು. 2020ರಲ್ಲಿ ಅದು ನೆಟ್‌ಫ್ಲಿಕ್ಸ್‌ಗೆ ಬಂತು. ಇದನ್ನು ನೋಡಿ ನನಗೆ ಹೊಳೆದದ್ದು ದುಡ್ಡಿನ ವಿಚಾರವಲ್ಲ. ಕೆಲಸದ ಒಂದು ತುಂಡು ಇನ್ನೊಬ್ಬರ ಕೈಯಲ್ಲಿದ್ದರೆ ನಾವು ನಿಲ್ಲಿಸುವುದು ಅಷ್ಟು ಸುಲಭವಲ್ಲ. ಡೊಳ್ಳು ಬಾರಿಸುವ ಜೂನಿಯರ್ ಒಬ್ಬನಿಗೆ ಏರಿ ಕಟ್ಟುವ ದೃಶ್ಯದ ಸದ್ದನ್ನು ಒಪ್ಪಿಸಿದೆ. ಕ್ಯಾಂಟೀನಿನಲ್ಲಿ ಸಿಕ್ಕಾಗಲೆಲ್ಲ ‘ಅಣ್ಣಾ, ನನ್ ಸೀನ್ ಯಾವಾಗ?’ ಎನ್ನುತ್ತಾನೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕು, ಪ್ರೋತ್ಸಾಹ ಸಿಗುತ್ತದೆ ಎಂದು ಹಲವರು ಹೇಳಿದರು. ನಾನು ಹಾಕಿಲ್ಲ. ನೂರು ಜನ ಬೆರಳೆತ್ತಿ ಭೇಷ್ ಎನ್ನುವುದಕ್ಕಿಂತ ಒಬ್ಬ ಕಾಯುತ್ತಿರುವುದು ಒಳ್ಳೆಯದು.

ನಿಜವಾಗಿ ಕಾಯುತ್ತಿರುವವಳು ಅಜ್ಜಿ. ಕತೆ ಅವಳದೇ. ಭಾನುವಾರ ತಿಂಡಿಯಾದ ಮೇಲೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಅಷ್ಟೂ ಸೆಕೆಂಡ್ ನೋಡಿ, ‘ಏನಪಾ, ಕೆರಿಗೆ ಇನ್ನೂ ನೀರು ಬಂದಿಲ್ಲಲ್ಲ’ ಎನ್ನುತ್ತಾಳೆ. ಗುಡ್ಡ ಬಂದಿದೆ, ಏರಿ ಬಂದಿದೆ, ಬುಟ್ಟಿ ಹೊತ್ತ ಜನ ಬಂದಿದ್ದಾರೆ. ಅದಾವುದೂ ಅವಳಿಗೆ ಲೆಕ್ಕಕ್ಕಿಲ್ಲ.

ನಮ್ಮದು ಅಡಿಕೆ ಖೇಣಿ ಮನೆ. ಸುಗ್ಗಿ ಶುರುವಾಯಿತೆಂದರೆ ಅಂಗಳದಲ್ಲಿ ಬೇಯಿಸುವ ಹಂಡೆ, ಸುಲಿಯುವ ಯಂತ್ರದ ಗದ್ದಲ, ನನ್ನ ಗಾಜಿನ ಮೇಜಿದ್ದ ಕೋಣೆಯಲ್ಲಿ ಸೂರು ಮುಟ್ಟುವಷ್ಟು ಚೀಲಗಳು. ಆ ಎರಡು ತಿಂಗಳು ಒಂದು ಫ್ರೇಮನ್ನೂ ತೆಗೆಯಲಾಗಲಿಲ್ಲ. ಫಾಲ್ಕೆಯವರ ಬಟಾಣಿ ಇಲ್ಲಿ ಕೆಲಸಕ್ಕೆ ಬಾರದು. ಹಾಗಂತ ಸಿನಿಮಾ ನಿಂತಿರಲಿಲ್ಲ. ಒಣಹಾಕಿದ ಅಡಿಕೆಯನ್ನು ಬೆಳಿಗ್ಗೆ ಹರಗುವಾಗ ಬರುವ ಸದ್ದನ್ನು ಮೊಬೈಲಿನಲ್ಲಿ ಹಿಡಿದೆ. ಏರಿಗೆ ಕಲ್ಲು ಸುರಿಯುವ ದೃಶ್ಯಕ್ಕೆ ಜೋಡಿಸಿದರೆ ಅಡಿಕೆ ಎಂದು ನಮ್ಮಪ್ಪನಿಗೇ ಗೊತ್ತಾಗಲಿಲ್ಲ! ಹೆಂಗಸರು ಸುಲಿಯುತ್ತಾ ಆಡುವ ಮಾತಿನ ಗುಜುಗುಜು ಕೆರೆ ತೋಡುವವರ ಗುಜುಗುಜು ಆಯಿತು. ಬಿಡುವು ಸಿಕ್ಕಾಗ ಗೊಂಬೆಗಳ ಕೈಕಾಲು ಕತ್ತರಿಸಿಟ್ಟೆ. ಇಂಥ ಕೆಲಸಕ್ಕೆ ಇಳಿಯುವವರು ಕ್ಯಾಮೆರಾದ ಮುಂದಿನ ಕೆಲಸ, ಬಸ್ಸಿನಲ್ಲಿ ಆಗುವ ಕೆಲಸ, ಗದ್ದಲದಲ್ಲೂ ಆಗುವ ಕೆಲಸ ಎಂದು ಬೇರೆ ಬೇರೆ ಪಟ್ಟಿ ಇಟ್ಟುಕೊಳ್ಳುವುದು ಲೇಸು.

‘ಇದರಿಂದ ಏನ್ ಬರ್ತತಿ?’ ಎಂದು ಅಪ್ಪ ಒಮ್ಮೆ ಕೇಳಿದ್ದರು. ಸಿಟ್ಟಿನಿಂದಲ್ಲ, ಅಡಿಕೆ ರೇಟು ಕೇಳಿದ ಹಾಗೆ. ಕೆಲಸ ಸಿಗುತ್ತದೆ ಎಂದು ನಾನು ಹೇಳಲಿಲ್ಲ, ಏಕೆಂದರೆ ಹಾಗೆ ನಂಬಿಕೊಂಡು ಮಾಡುವುದು ಅಪಾಯ. ಕ್ಯಾಂಪಸ್ಸಿಗೆ ಬರುವವರು ಕೇಳುವುದು ಆಪ್ಟಿಟ್ಯೂಡು ಮತ್ತು ಕೋಡಿಂಗು. ಅದಕ್ಕೆ ನನ್ನ ಬೆಳಗಿನ ಹೊತ್ತು ಮೀಸಲು, ಅದನ್ನು ಗೊಂಬೆಗಳು ಮುಟ್ಟುವುದಿಲ್ಲ. ರೆಸ್ಯೂಮೆಯಲ್ಲಿ ಈ ಸಿನಿಮಾಕ್ಕೆ ಒಂದು ಸಾಲು ಕೊಡುತ್ತೇನೆ, ಮುಗಿದ ಮೇಲೆ ಮಾತ್ರ. ‘ಮಾಡುತ್ತಿದ್ದೇನೆ’ ಎಂಬ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ.

ಅವಸರಕ್ಕೆ ಕಾರಣ ಬೇರೆಯಿದೆ. ಆಗಸ್ಟಿನಿಂದ ಕಂಪನಿಗಳು ಬರಲಾರಂಭಿಸುತ್ತವೆ. ಕೆಲಸ ಸಿಕ್ಕರೆ ಬೆಂಗಳೂರು, ಪಿಜಿ, ಒಂದು ಮಂಚದ ಜಾಗ. ಕಿಟಕಿಯ ಗಾಜು ಅಲ್ಲಿಗೆ ಬರುವುದಿಲ್ಲ. ಅಜ್ಜಿಯೂ ಬರುವುದಿಲ್ಲ. ಈಗೀಗ ಅವಳು ಮೊಬೈಲನ್ನು ಹೋದ ವರ್ಷಕ್ಕಿಂತ ಹತ್ತಿರ ಹಿಡಿದು ನೋಡುತ್ತಾಳೆ.

ಹೋದ ವಾರ ನೀರಿನ ದೃಶ್ಯ ಶುರು ಮಾಡಿದೆ. ಎಂಟು ಸೆಕೆಂಡ್, 96 ಚಿತ್ರ. ನೀರನ್ನು ಕಾಗದದಲ್ಲಿ ಕತ್ತರಿಸಿದರೆ ಅದು ಬೇಲಿಯ ಹಾಗೆ ಕಾಣುತ್ತದೆ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಅಚ್ಚಿನ ಅಕ್ಷರ ಉಜ್ಜಿ ತೆಗೆದು, ಮುದುಡಿ ಬಿಡಿಸಿ ಒಂದರ ಮೇಲೊಂದು ಹಾಸಿದೆ. ಕೆಳಗಿನ ಬೆಳಕಿಗೆ ಸುಕ್ಕುಗಳು ಅಲೆಯ ಹಾಗೆ ಹೊಳೆದವು. ಒಂದೊಂದು ಚಿತ್ರಕ್ಕೂ ಪದರಗಳನ್ನು ಒಂದಿಷ್ಟು ಮೇಲಕ್ಕೆ ಸರಿಸಬೇಕು. ನಿನ್ನೆ ರಾತ್ರಿಗೆ ಮೂರು ಸೆಕೆಂಡ್ ಆಯಿತು. ಈ ಭಾನುವಾರ ಅಜ್ಜಿಗೆ ತೋರಿಸಬಹುದು. ಸದ್ಯಕ್ಕೆ ಶಾಂತವ್ವನ ಮೊಣಕಾಲವರೆಗೆ ಬಂದಿದೆ.