ಎಚ್‌ಐವಿಗೆ ಲಸಿಕೆ ಯಾಕೆ ಬರಲಿಲ್ಲ?

ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಎಚ್‌ಐವಿ ತಗಲುವುದಿಲ್ಲವಂತೆ, ಕೊನೆಗೂ ಲಸಿಕೆ ಬಂತೇ ಎಂದು ಕುರ್ತಕೋಟಿಯ ಓದುಗರೊಬ್ಬರು ಕೇಳಿದ್ದಾರೆ. ಬಂದಿರುವುದು ಲಸಿಕೆಯಲ್ಲ, ಲೆನಕಾಪವಿರ್ ಎಂಬ ಔಷಧ. ದಕ್ಷಿಣ ಆಫ್ರಿಕಾ, ಉಗಾಂಡಾಗಳಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿದುಬಂತು. ನಿಜಕ್ಕೂ ದೊಡ್ಡ ಸುದ್ದಿ. ಆದರೆ ಔಷಧ ದೇಹಕ್ಕೆ ಏನನ್ನೂ ಕಲಿಸುವುದಿಲ್ಲ. ಅದರ ಅಂಶ ಇಳಿದರೆ ರಕ್ಷಣೆಯೂ ಮುಗಿಯಿತು. ಕಲಿಸುವುದು ಲಸಿಕೆಯ ಕೆಲಸ. ಎಚ್‌ಐವಿಯ ಮಟ್ಟಿಗೆ ತೊಡಕಿರುವುದು ಅಲ್ಲೇ.

ಯಾವುದೇ ವೈರಸ್ ಒಳಗೆ ಬಂದರೂ ಸಿಡಿ4 ಎಂಬ ಬಿಳಿ ರಕ್ತಕಣಗಳು ಎಚ್ಚೆತ್ತು ಉಳಿದ ಪಡೆಯನ್ನು ಎಬ್ಬಿಸುತ್ತವೆ. ಎಚ್ಚೆತ್ತ ಕಣದಲ್ಲಿ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನು ಡಿಎನ್‌ಎ ಮೇಲೆ ಕೂತು ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಎಚ್‌ಐವಿ ನುಗ್ಗುವುದೂ ಇದೇ ಕಣಕ್ಕೆ. ತನ್ನ ಜೀನ್‌ಗಳನ್ನು ನಮ್ಮ ಡಿಎನ್‌ಎಗೆ ಸೇರಿಸಿ, ಅವುಗಳ ಮುಂದೆ ಅದೇ ಪ್ರೋಟೀನು ಕೂರುವ ಜಾಗಗಳನ್ನೂ ಇಟ್ಟುಕೊಂಡಿದೆ. ನಿಮ್ಮ ಬೋರ್‌ವೆಲ್ಲಿನ ಸ್ಟಾರ್ಟರಿಗೆ ಕಳ್ಳನೊಬ್ಬ ತನ್ನ ಮೋಟರಿನ ತಂತಿ ಸಿಕ್ಕಿಸಿದ್ದಾನೆ ಅಂದುಕೊಳ್ಳಿ. ನೀವು ಗುಂಡಿ ಒತ್ತಿದಾಗಲೆಲ್ಲ ಅವನ ಹೊಂಡವೂ ತುಂಬುತ್ತದೆ. ಒತ್ತದೆ ಬಿಟ್ಟರೆ ನಿಮ್ಮ ಬೆಳೆ ಒಣಗುತ್ತದೆ, ಅವನ ಮೋಟರು ಸದ್ದಿಲ್ಲದೆ ಕೂತಿರುತ್ತದೆ, ಹುಡುಕಿದರೂ ಸಿಗದು.

ಈ ತಂತಿಯನ್ನು ಬಿಡಿಸಿ ನೋಡಿದವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ಹಲವು ವರ್ಷ ಇದರ ಬೆನ್ನು ಹತ್ತಿತು. ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿರುವ ಬಿ ಬಗೆಯ ಎಚ್‌ಐವಿಯಲ್ಲಿ ಆ ಪ್ರೋಟೀನು ಕೂರುವ ಜಾಗ ಸಾಮಾನ್ಯವಾಗಿ ಎರಡು; ಭಾರತದ ಬಹುಪಾಲು ಸೋಂಕಿಗೆ ಕಾರಣವಾದ ಸಿ ಬಗೆಯಲ್ಲಿ ಮೂರು. ನಾಲ್ಕು ಜಾಗಗಳಿರುವ ತಳಿಗಳು ಇಲ್ಲಿ ಹೆಚ್ಚುತ್ತಿವೆ ಎಂದು ಈ ತಂಡ 2012ರಲ್ಲಿ ತೋರಿಸಿತು.

ದೇಹದ ಪಡೆಯನ್ನು ಎಬ್ಬಿಸಿದರೆ ವೈರಸ್ಸಿಗೂ ನೆರವಾಗಬಹುದೆಂಬ ಈ ತೊಡಕಿನ ಬಿಸಿ ಲಸಿಕೆ ಮಾಡುವವರಿಗೆ 2007ರಲ್ಲೇ ತಟ್ಟಿತ್ತು. ಮೆರ್ಕ್ ಕಂಪನಿಯ ಲಸಿಕೆಯ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಲಸಿಕೆ ಪಡೆದ ಕೆಲವು ಗಂಡಸರ ಗುಂಪುಗಳಲ್ಲಿ ಸೋಂಕು ಇಳಿಯುವ ಬದಲು ಏರಿತ್ತು. ಲಸಿಕೆ ಎಬ್ಬಿಸಿದ ಸಿಡಿ4 ಕಣಗಳೇ ವೈರಸ್ಸಿಗೆ ನೆಲೆಯಾಗಿರಬಹುದೆಂಬುದು ಒಂದು ವಿವರಣೆ. ಥಾಯ್ಲೆಂಡಿನಲ್ಲಿ ನಡೆದು 2009ರಲ್ಲಿ ಫಲಿತಾಂಶ ಹೊರಬಿದ್ದ ಇನ್ನೊಂದು ಲಸಿಕೆಯ ಪ್ರಯೋಗದಲ್ಲಿ ಸಿಕ್ಕ ರಕ್ಷಣೆ ಸುಮಾರು ಶೇ 31 ಮಾತ್ರ.

ಈಗಿನ ಪ್ರಯತ್ನ, ಹಲವು ತಳಿಗಳನ್ನು ತಡೆಯಬಲ್ಲ ಪ್ರತಿಕಾಯ ತಯಾರಿಸಲು, ಪ್ರತಿಕಾಯ ಮಾಡುವ ಬಿ ಕಣಗಳೆಂಬ ಬಿಳಿ ರಕ್ತಕಣಗಳನ್ನು ಹಂತಹಂತವಾಗಿ ಪಳಗಿಸುವುದು. 2022ರಲ್ಲಿ ವರದಿಯಾದ ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರ ಪೈಕಿ 35 ಮಂದಿಯಲ್ಲಿ ಮೊದಲ ಹಂತದ ಕಣಗಳು ಕಂಡವು. ‘ಶೇ 97 ಯಶಸ್ಸು’ ಎಂಬ ತಲೆಬರಹ ಹುಟ್ಟಿದ್ದು ಇಲ್ಲಿಂದ. ಆ ಲಸಿಕೆ ಸೋಂಕನ್ನು ತಡೆಯುತ್ತದೆಯೇ ಎಂಬುದನ್ನು ಆ ಪ್ರಯೋಗ ಪರೀಕ್ಷಿಸಲೇ ಇಲ್ಲ.