ನಸುಕಿನ ಗಾಳಿ ಮತ್ತು ಗ್ರಹಗಳ ಛಾಯಾಚಿತ್ರ

ಗುರುಗ್ರಹವು ಭೂಮಿಗೆ ಅತ್ಯಂತ ಸಮೀಪ ಬಂದಾಗಲೂ ಅದರ ಬಿಂಬದ ಅಗಲ ಸುಮಾರು 50 ಆರ್ಕ್ ಸೆಕೆಂಡ್‌ಗಳಷ್ಟೇ ಇರುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್ ಸೆಕೆಂಡ್. ಹುಣ್ಣಿಮೆಯ ಚಂದ್ರನ ಬಿಂಬ ಇದೇ ಅಳತೆಯಲ್ಲಿ ಸುಮಾರು 1,800ರಷ್ಟಾಗುತ್ತದೆ. 200 ಮಿಲಿಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವು 0.6 ಆರ್ಕ್ ಸೆಕೆಂಡ್‌ನಷ್ಟು ಸೂಕ್ಷ್ಮವಾದ ವಿವರಗಳನ್ನು ಬೇರ್ಪಡಿಸಿ ತೋರಿಸಬಲ್ಲದಾದ್ದರಿಂದ, ಗುರುವಿನ ಮೋಡಪಟ್ಟಿಗಳೂ ಕೆಂಪು ಮಚ್ಚೆಯೂ ಶನಿಯ ಉಂಗುರಗಳ ನಡುವಿನ ಕಪ್ಪು ತೆರಪೂ ಅದರ ಅಳವಿಗೆ ಸಿಗಬೇಕು. ಆದರೂ ಹೆಚ್ಚಿನ ರಾತ್ರಿಗಳಲ್ಲಿ ಬಿಂಬವು ಕದಡಿಹೋಗುತ್ತದೆ. ಇದಕ್ಕೆ ಕಾರಣ ಉಪಕರಣದ ದೋಷವಲ್ಲ, ಉಪಕರಣಕ್ಕೂ ಗ್ರಹಕ್ಕೂ ನಡುವೆ ಇರುವ ಗಾಳಿ.

ಬಿಸಿ ಗಾಳಿ ಮತ್ತು ತಂಪು ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ, ಅವೆರಡೂ ಬೆರೆಯುವಲ್ಲೆಲ್ಲ ಬೆಳಕಿನ ಕಿರಣಗಳು ದಾರಿ ತಪ್ಪುತ್ತವೆ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ದೂರದ ವಸ್ತುಗಳು ತೇಲಾಡಿದಂತೆ ಕಾಣುವುದು ಇದೇ ವಿದ್ಯಮಾನದಿಂದ. ಹಗಲಿಡೀ ಬಿಸಿಲು ಕುಡಿದ ನೆಲ, ಗೋಡೆ ಮತ್ತು ಕಾಂಕ್ರೀಟ್ ತಾರಸಿಗಳು ಸೂರ್ಯಾಸ್ತದ ನಂತರವೂ ಗಂಟೆಗಟ್ಟಲೆ ಶಾಖವನ್ನು ಹೊರಬಿಡುತ್ತಲೇ ಇರುತ್ತವೆ. ಮನೆಯೊಳಗಿಂದ ತಂದಿಟ್ಟ ದೂರದರ್ಶಕದ ದಪ್ಪ ಗಾಜಿನ ಕನ್ನಡಿಯೂ ನಿಧಾನವಾಗಿ ತಣಿಯುತ್ತದೆ, ಮತ್ತು ತಣಿಯುವವರೆಗೆ ಅದರ ಮೇಲ್ಮೈಯಲ್ಲಿ ಬೆಚ್ಚಗಿನ ಗಾಳಿಯ ಪದರವೊಂದು ಏಳುತ್ತಿರುತ್ತದೆ. ಬೆಳ್ಳಿ ಮೂಡುವ ಹೊತ್ತಿಗೆ ನೆಲವೂ ಕನ್ನಡಿಯೂ ಸುತ್ತಲಿನ ಗಾಳಿಯ ಉಷ್ಣತೆಗೆ ಹತ್ತಿರವಾಗಿರುವುದರಿಂದ, ನೆಲಮಟ್ಟದ ಈ ಕದಡಾಟ ಸಾಮಾನ್ಯವಾಗಿ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ರಭಸದಿಂದ ಹರಿಯುವ ವಾಯುಪ್ರವಾಹವು ಮಾತ್ರ ಈ ದಿನಚರಿಗೆ ಒಳಪಡುವುದಿಲ್ಲ. ಚಳಿಗಾಲದಲ್ಲಿ ಅದು ಉತ್ತರ ಭಾರತದ ಮೇಲೆ ಹಾಯುತ್ತದೆ, ದಕ್ಷಿಣದ ಆಕಾಶ ಬಹುಮಟ್ಟಿಗೆ ಅದರಿಂದ ಹೊರಗುಳಿಯುತ್ತದೆ.

ಗಾಳಿ ಸ್ವಲ್ಪವೇ ಸುಧಾರಿಸಿದರೂ ಚಿತ್ರ ಬಹಳ ಸುಧಾರಿಸುವುದೇಕೆ ಎಂಬುದನ್ನು ಡೇವಿಡ್ ಫ್ರೈಡ್ ಎಂಬ ವಿಜ್ಞಾನಿ 1978ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೆಳಕಿನ ಅಲೆ ಬಹುಮಟ್ಟಿಗೆ ಕದಡದೆ ಉಳಿಯುವ ಗಾಳಿಯ ತುಣುಕಿನ ಅಗಲವನ್ನು ಅವರ ಹೆಸರಿನಿಂದಲೇ ಫ್ರೈಡ್ ಅಳತೆ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್‌ಗಳಿಂದ ಹತ್ತು ಹದಿನೈದು ಸೆಂಟಿಮೀಟರ್‌ಗಳವರೆಗೆ ಇರುತ್ತದೆ. ದೂರದರ್ಶಕದ ವ್ಯಾಸವು ಈ ಅಳತೆಯ ಹತ್ತು ಪಟ್ಟಿದ್ದರೆ, ಕ್ಷಣಮಾತ್ರದ ಚಿತ್ರವೊಂದು ಸ್ಪಷ್ಟವಾಗಿ ಮೂಡುವ ಸಾಧ್ಯತೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಆರು ಪಟ್ಟಿದ್ದರೆ ನೂರರಲ್ಲಿ ಸುಮಾರು 2, ಐದು ಪಟ್ಟಿದ್ದರೆ ನೂರರಲ್ಲಿ ಸುಮಾರು 9, ಎರಡು ಪಟ್ಟಷ್ಟೇ ಇದ್ದರೆ ಬಹುತೇಕ ಎಲ್ಲ ಚಿತ್ರಗಳೂ ಸ್ಪಷ್ಟ. ಅಂದರೆ 250 ಮಿಲಿಮೀಟರ್ ದೂರದರ್ಶಕಕ್ಕೆ ಸಂಜೆಯ 5 ಸೆಂಟಿಮೀಟರ್ ಅಳತೆಯು ನಸುಕಿನಲ್ಲಿ 12 ಸೆಂಟಿಮೀಟರ್‌ಗೆ ಏರಿದರೆ, ಹತ್ತರಲ್ಲಿ ಒಂದರಷ್ಟೂ ದಕ್ಕದಿದ್ದ ಚಿತ್ರಗಳು ಹತ್ತಕ್ಕೆ ಒಂಬತ್ತಕ್ಕೂ ಮೀರಿ ದಕ್ಕುತ್ತವೆ. ನಿದ್ದೆಗೆಟ್ಟು ಏಳುವ ವೀಕ್ಷಕರ ಶ್ರಮಕ್ಕೆ ಸಿಗುವ ನಿಜವಾದ ಪ್ರತಿಫಲ ಇದೇ.

ಗ್ರಹಗಳ ಛಾಯಾಗ್ರಹಣದ ಇಂದಿನ ವಿಧಾನವು ಈ ಸಂಭಾವ್ಯತೆಯ ಮೇಲೆಯೇ ನಿಂತಿದೆ. ಫಿಲ್ಮ್ ಬಳಸುತ್ತಿದ್ದ ಕಾಲದಲ್ಲಿ ಒಂದು ಚಿತ್ರಕ್ಕೆ ಕೆಲವು ಸೆಕೆಂಡುಗಳ ಕಾಲ ಬೆಳಕು ಸಂಗ್ರಹಿಸಬೇಕಾಗುತ್ತಿದ್ದು, ಆ ಅವಧಿಯ ಕದಡಾಟವೆಲ್ಲ ಅದರಲ್ಲೇ ಸೇರಿಹೋಗುತ್ತಿತ್ತು. 2000ದ ಆಸುಪಾಸಿನಲ್ಲಿ ಹವ್ಯಾಸಿಗಳು ಅಗ್ಗದ ವೆಬ್‌ಕ್ಯಾಮ್‌ಗಳನ್ನು ದೂರದರ್ಶಕಕ್ಕೆ ಜೋಡಿಸಿ ವಿಡಿಯೋ ಚಿತ್ರೀಕರಿಸತೊಡಗಿದ ಮೇಲೆ ಈ ಪದ್ಧತಿಯೇ ಬದಲಾಯಿತು. ಇಂದಿನ ಕ್ಯಾಮೆರಾಗಳು ಸೆಕೆಂಡಿಗೆ ನೂರು ಚೌಕಟ್ಟುಗಳನ್ನು ಸುಲಭವಾಗಿ ದಾಖಲಿಸುವುದರಿಂದ ಎರಡು ನಿಮಿಷಗಳಲ್ಲಿ 12,000 ಚೌಕಟ್ಟುಗಳು ದೊರೆಯುತ್ತವೆ. ರೆಜಿಸ್ಟ್ಯಾಕ್ಸ್, ಆಟೋಸ್ಟ್ಯಾಕರ್ಟ್‌ನಂಥ ತಂತ್ರಾಂಶಗಳು ಅವುಗಳನ್ನು ಸ್ಪಷ್ಟತೆಗೆ ಅನುಗುಣವಾಗಿ ವಿಂಗಡಿಸಿ, ಉತ್ತಮವಾದವುಗಳನ್ನಷ್ಟೇ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಿಸಿ ಸರಾಸರಿ ತೆಗೆಯುತ್ತವೆ. 2,500 ಚೌಕಟ್ಟುಗಳ ಸರಾಸರಿಯಲ್ಲಿ ಕ್ಯಾಮೆರಾದ ನಾಯ್ಸ್, ಅಂದರೆ ಚಿತ್ರದಲ್ಲಿ ಅಡ್ಡಾದಿಡ್ಡಿಯಾಗಿ ಚೆಲ್ಲಿದ ಕಲಬೆರಕೆ ಚುಕ್ಕೆಗಳು, ಐವತ್ತನೇ ಒಂದು ಪಾಲಿಗೆ ತಗ್ಗುವುದರಿಂದ, ಆ ಚಿತ್ರದ ಸೂಕ್ಷ್ಮ ವಿವರಗಳನ್ನು ಗಣಿತದ ಮೂಲಕ ಹರಿತಗೊಳಿಸಲು ಸಾಧ್ಯವಾಗುತ್ತದೆ. ಆದರೆ ಚಿತ್ರೀಕರಣವನ್ನು ಬೇಕಾದಷ್ಟು ಹೊತ್ತು ಮುಂದುವರಿಸುವಂತಿಲ್ಲ: ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವ ಗುರುವಿನ ಬಿಂಬದ ನಡುವಿನ ಮೋಡಗಳು ಎರಡೂವರೆ ನಿಮಿಷಗಳಲ್ಲೇ ಸುಮಾರು 0.6 ಆರ್ಕ್ ಸೆಕೆಂಡ್ ಸರಿದುಬಿಡುತ್ತವೆ, ಮತ್ತು ಇದು 200 ಮಿಲಿಮೀಟರ್ ದೂರದರ್ಶಕ ಗುರುತಿಸಬಲ್ಲ ಮಿತಿಯೇ ಆಗಿದೆ.

ಗ್ರಹವು ಆಕಾಶದಲ್ಲಿ ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ, ಏಕೆಂದರೆ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಗ್ರಹದ ಬೆಳಕು ನೆತ್ತಿಯ ಮೇಲಿನ ಗ್ರಹದ ಬೆಳಕಿಗಿಂತ ಎರಡರಷ್ಟು ಗಾಳಿಯನ್ನು ಹಾಯ್ದು ಬರಬೇಕಾಗುತ್ತದೆ. ಲಂಡನ್ನಿನಿಂದ ನೋಡುವವರಿಗೆ ಕೆಲವು ವರ್ಷ ಗುರು ಮತ್ತು ಶನಿ ಸುಮಾರು 16 ಡಿಗ್ರಿಗಿಂತ ಹೆಚ್ಚು ಮೇಲೇರುವುದೇ ಇಲ್ಲ. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಅದೇ ವರ್ಷಗಳಲ್ಲೂ ಅವು 50 ಡಿಗ್ರಿಗೂ ಮೇಲೆ ಬರುತ್ತವೆ. ಮಳೆಗಾಲ ಕಳೆದ ತಿಂಗಳುಗಳ ತಿಳಿಯಾದ ನಸುಕುಗಳು ಕರ್ನಾಟಕದ ವೀಕ್ಷಕರಿಗೆ ಈ ಅನುಕೂಲವನ್ನು ಪೂರ್ತಿಯಾಗಿ ಒದಗಿಸುತ್ತವೆ. ಆ ಹೊತ್ತಿನಲ್ಲಿ ಮಸೂರಗಳ ಮೇಲೆ ಕೂರುವ ಇಬ್ಬನಿಗೆ ಸಣ್ಣ ವಿದ್ಯುತ್ ಶಾಖಪಟ್ಟಿ ಪರಿಹಾರವಾದರೆ, ಸೂರ್ಯೋದಯಕ್ಕೆ ಮುನ್ನವೇ ದೂರದರ್ಶಕವನ್ನು ಪೂರ್ವದಿಂದ ತಿರುಗಿಸುವುದು ಕಣ್ಣಿನ ರಕ್ಷಣೆಗೆ ಮೀರಲಾಗದ ನಿಯಮ.

ನಸುಕಿನ ವೀಕ್ಷಣೆಗೆ ಗಾಳಿಯಷ್ಟೇ ಕಾರಣವಲ್ಲ. ಯಾವುದೇ ಹೊರಗ್ರಹವು ಸೂರ್ಯನ ಆಚೆಬದಿಯಲ್ಲಿ ಮರೆಯಾಗುವ ಸ್ಥಿತಿ, ಅಂದರೆ ಯುತಿ, ಮುಗಿದ ಮೇಲೆ ಮೊದಲು ಕಾಣಿಸಿಕೊಳ್ಳುವುದು ಬೆಳಗಿನ ಜಾವದ ಪೂರ್ವದಲ್ಲಿಯೇ. ಸಂಜೆಯ ಆಕಾಶಕ್ಕೆ ಅದು ಬರಲು ಇನ್ನೂ ತಿಂಗಳುಗಳೇ ಬೇಕು. ಗುರುವಿನ ಮೋಡಗಳಲ್ಲಿ ಈ ಮಧ್ಯೆ ಆಗುವ ಬದಲಾವಣೆಗಳು ಬೇಗ ಎದ್ದವರಿಗಷ್ಟೇ ತಿಳಿಯುತ್ತವೆ. ಮೂರು ಬಿಳಿಯ ಸುಂಟರಗಾಳಿಗಳು 1998ರಿಂದ 2000ದ ನಡುವೆ ಕೂಡಿಕೊಂಡು ಆದ ಗುರುವಿನ ದೊಡ್ಡ ಮಚ್ಚೆಯೊಂದು ಕೆಂಪಾಗಿರುವುದನ್ನು ಫಿಲಿಪ್ಪೀನ್ಸ್‌ನ ಸೆಬು ನಗರದ ಹವ್ಯಾಸಿ ಕ್ರಿಸ್ಟೋಫರ್ ಗೋ ಗುರುತಿಸಿದ್ದು 2006ರ ಫೆಬ್ರುವರಿಯಲ್ಲಿ, ಗುರು ಇನ್ನೂ ಮಧ್ಯರಾತ್ರಿಯ ಆಸುಪಾಸಿನಲ್ಲಿ ಉದಯಿಸುತ್ತಿದ್ದ ದಿನಗಳಲ್ಲಿ. ಹಬಲ್ ದೂರದರ್ಶಕ ಅದರತ್ತ ತಿರುಗಿದ್ದು ಆಮೇಲೆ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಟನಿ ವೆಸ್ಲಿ ಗುರುವಿನ ದಕ್ಷಿಣ ಧ್ರುವದ ಬಳಿ ಕಂಡ ಕಪ್ಪು ಕಲೆಯು ಆಕಾಶಕಾಯವೊಂದು ಅಪ್ಪಳಿಸಿದ ಗುರುತೆಂದು ದೊಡ್ಡ ವೀಕ್ಷಣಾಲಯಗಳು ಖಚಿತಪಡಿಸಿದವು.

2016ರಿಂದ ಗುರುವನ್ನು ಸುತ್ತುತ್ತಿರುವ ಜೂನೋ ನೌಕೆಯು ತನ್ನ ನೀಳವಾದ ಕಕ್ಷೆಯಲ್ಲಿ ಗ್ರಹದ ಸಮೀಪಕ್ಕೆ ಬರುವುದು ಕೆಲವೇ ಗಂಟೆಗಳ ಕಾಲವಾದ್ದರಿಂದ, ಉಳಿದ ದಿನಗಳ ಮೋಡಚಲನೆಯನ್ನು ತಿಳಿಯಲು ವಿಜ್ಞಾನಿಗಳು ಹವ್ಯಾಸಿಗಳ ಚಿತ್ರಗಳನ್ನು ಅವಲಂಬಿಸುತ್ತಾರೆ. ಅಂಥ ಚಿತ್ರದ ಬೆಲೆ ಅದರ ಸೊಬಗಿಗಿಂತ ಹೆಚ್ಚಾಗಿ, ತೆಗೆದ ನಿಮಿಷವನ್ನು ಅದರೊಂದಿಗೆ ಜಾಗತಿಕ ಕಾಲಮಾನದಲ್ಲಿ ತಪ್ಪದೆ ನಮೂದಿಸಿರುವುದರಲ್ಲಿದೆ. ಸಮಯ ಬರೆದಿಟ್ಟ ಸಾಧಾರಣ ಚಿತ್ರದಿಂದಲೂ ಗಾಳಿಯ ವೇಗವನ್ನು ಅಳೆಯಬಹುದು, ಸಮಯವಿಲ್ಲದ ಅತ್ಯುತ್ತಮ ಚಿತ್ರದಿಂದ ಅದು ಸಾಧ್ಯವಿಲ್ಲ.