ಬಡಿ, ನೀರು ಹಚ್ಚು, ತಿರುವು

ಶ್ರಾವಣ ಹಿಡಿದು, ಪಂಚಮಿ ಇನ್ನೇನು ಬಂತು ಎನ್ನುವಾಗ ಹಿರೇಹಂದಿಗೋಳದ ಓಣಿಗಳಲ್ಲಿ ನಸುಕಿನಿಂದಲೇ ರೊಟ್ಟಿ ಬಡಿಯುವ ಸಪ್ಪಳ. ಒಂದು ಮನೆಯಲ್ಲಿ ಅಂಗೈ ಬೀಳುವ ಸದ್ದು ದಪ್ಪ, ಇನ್ನೊಂದರಲ್ಲಿ ಬಳೆ ಸೇರಿಕೊಂಡು ತೆಳು, ಮೂರನೆಯದರಲ್ಲಿ ನಡುನಡುವೆ ನಿಂತು ಮತ್ತೆ ಶುರುವಾಗುವ ಅನುಮಾನದ ಸದ್ದು. ಆ ಮೂರನೆಯ ಮನೆಯಲ್ಲಿ ಯಾರೋ ಕಲಿಯುತ್ತಿದ್ದಾರೆ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕಿಲ್ಲ.

ಗದಗ ಸೀಮೆಯಲ್ಲಿ ಪಂಚಮಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಮೊದಲು ರೊಟ್ಟಿ ಹಬ್ಬ. ಆಮೇಲೆ ಹುತ್ತಕ್ಕೋ ಕಲ್ಲು ನಾಗಪ್ಪನಿಗೋ ಹಾಲೆರೆಯುವುದು, ಉಂಡಿ, ಜೋಕಾಲಿ. ನಾಗಪ್ಪನ ದಿನ ಹಂಚು ಒಲೆಗೆ ಏರಿಸಬಾರದು ಎಂಬ ನೇಮ ಈಗಲೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ಹಾಗಾಗಿ ಖಡಕ್ ರೊಟ್ಟಿ ಮೊದಲೇ ಬುಟ್ಟಿ ತುಂಬಿರಬೇಕು. ತುಂಬಿದ್ದು ಮನೆಯವರಿಗಷ್ಟೇ ಸಾಲದು. ಬಿಳಿಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಮಡಿಕೆಕಾಳಿನ ಪಲ್ಯ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇಟ್ಟು ಆಜುಬಾಜಿನವರಿಗೆ ಕೊಡಬೇಕು, ಅವರಿಂದಲೂ ಬರುತ್ತದೆ. ಯಾರ ಕೈ ಎಂಥದು ಎಂಬುದು ಈ ಹಬ್ಬದಲ್ಲಿ ಓಣಿಗೆಲ್ಲ ಗೊತ್ತಾಗಿಬಿಡುತ್ತದೆ. ಮೂರನೆಯ ಮನೆಯ ಸೊಸೆಗೆ ಇದೇ ಧಾಸ್ತಿ.

ಆಕೆಯ ತವರು ತುಮಕೂರು ಕಡೆ. ಇಲ್ಲಿಯ ಸೊಸೆಯಂದಿರು ಅಣ್ಣ ಕರೆಯಲು ಬರುವನೆಂದು ಪಂಚಮಿಗೆ ದಾರಿ ಕಾಯುತ್ತಾರೆ. ಆಕೆಯ ಕಡೆ ತವರಿನ ಕರೆ, ಬಾಗಿನ ಎಲ್ಲ ಗೌರಿ ಹಬ್ಬಕ್ಕೆ. ಹೀಗಾಗಿ ಪಂಚಮಿಗೆ ಇಲ್ಲೇ ಉಳಿದಳು. ಅತ್ತೆಗೂ ಅದೇ ಬೇಕಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮೊಮ್ಮಕ್ಕಳ ಸಮೇತ ಬರುವವರಿದ್ದಾರೆ, ಬಡಿಯಲು ಇನ್ನೊಂದು ಕೈ ಬೇಕು. ಮುದ್ದೆ ತೊಳಸುವುದರಲ್ಲಿ ಸೊಸೆಯ ಕೈ ಪಳಗಿದೆ. ರೊಟ್ಟಿಗೆ ಅವಳ ಗುರು ಫೋನು. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೂ ಇದ್ದಾಳೆ: ಒಂದು ಲೋಟ ಹಿಟ್ಟು, ಒಂದು ಲೋಟ ನೀರು, ಚಿಟಿಕೆ ಉಪ್ಪು, ಐದು ನಿಮಿಷ ನಾದುವುದು.

ಅತ್ತೆ ಆ ಹಾಳೆಯನ್ನು ಓದಿಸಿಕೊಂಡು ಕೇಳಿದರು. ನಗಲಿಲ್ಲ. “ಉಪ್ಪು ಬ್ಯಾಡವ್ವ, ಪಲ್ಯದಾಗ ಇರತೈತಿ. ಉಳಿದದ್ದೆಲ್ಲಾ ಖರೆ ಐತಿ. ಆದ್ರ ಯಾವ ಹಿಟ್ಟು ಅಂತ ಬರದಿಲ್ಲಲ್ಲ?”

ಪಾಠ ಶುರುವಾಗಿದ್ದು ಅಲ್ಲಿಂದ. ಹಿಟ್ಟಿನ ಡಬ್ಬಿ ತೆಗೆದು ಒಂದು ಚಿವುಟು ನಾಲಿಗೆಗೆ ಹಚ್ಚಿಕೊಂಡರು, ಸೊಸೆಯ ನಾಲಿಗೆಗೂ ಹಚ್ಚಿಸಿದರು. ಸಿಹಿ ಇರಬೇಕು. ತುದಿಯಲ್ಲಿ ಒಂದಿಷ್ಟು ಕಹಿ ಉಳಿದರೆ ಹಿಟ್ಟು ಹಳತಾಗಿದೆ, ಅದಕ್ಕೆ ಜಿಗಿ ಇರುವುದಿಲ್ಲ, ಬಡಿದರೆ ಅಂಚು ಹರಿಯುತ್ತದೆ. ಜೋಳದ ಕಾಳಿನಲ್ಲಿ ಎಣ್ಣೆಯಂಶವಿದೆ. ಬೀಸಿದ ಮೇಲೆ ಅದು ಗಾಳಿಗೆ ಸಿಕ್ಕು ಕೆಡುತ್ತ ಹೋಗುತ್ತದೆ. ಅದಕ್ಕೇ ಈ ಕಡೆ ತಿಂಗಳ ಹಿಟ್ಟನ್ನು ಒಮ್ಮೆಲೇ ಬೀಸಿಸುವ ರೂಢಿಯಿಲ್ಲ. ವಾರಕ್ಕಾಗುವಷ್ಟು ಜೋಳ ಹಸನು ಮಾಡಿ ಗಿರಣಿಗೆ ಒಯ್ಯುತ್ತಾರೆ. ಗಿರಣಿಯಲ್ಲೂ ಒಂದು ಎಚ್ಚರವಿದೆ. ಮುಂದಿನವರು ಗೋಧಿ ಬೀಸಿಸಿದ್ದರೆ ಸುಮ್ಮನಿರಬಹುದು, ಖಾರದ ಪುಡಿ ಬೀಸಿಸಿದ್ದರೆ ಮನೆಗೆ ವಾಪಸ್ ಬರಬೇಕು.

ಜೋಳವೂ ಎಲ್ಲ ಒಂದೇ ಅಲ್ಲ. ಇದು ಎರಿ ಭೂಮಿ. ವರ್ಷಕ್ಕೆ ಹೆಚ್ಚೂಕಡಿಮೆ 600 ಮಿಲಿಮೀಟರ್ ಮಳೆ ಬೀಳುವ ಸೀಮೆ. ಹಿಂಗಾರಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಕೂರಿಗೆಯಲ್ಲಿ ಬಿತ್ತಿದರೆ ಆಮೇಲೆ ಮಳೆ ಬಾರದಿದ್ದರೂ ಕರಿಮಣ್ಣು ಹಿಡಿದಿಟ್ಟ ಹಸಿ, ಚಳಿಯ ಇಬ್ಬನಿ ನೆಚ್ಚಿಕೊಂಡೇ ತೆನೆ ಕಟ್ಟುತ್ತದೆ. ಮುತ್ತಿನಂತಹ ದುಂಡು ಕಾಳಿನ ಮಾಲದಂಡಿ ಎಂದರೆ ರೊಟ್ಟಿ ತಿನ್ನುವವರಿಗೆ ಇಂದಿಗೂ ಮೊದಲ ಮರ್ಯಾದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಡತಳಿಯಿಂದ ಆಯ್ದು ತೆಗೆದ ಎಂ 35-1 ಇದೇ ವಂಶದ್ದು. ಎಷ್ಟೋ ಹೊಸ ತಳಿಗಳು ಬಂದರೂ ಹಿಂಗಾರಿ ಹೊಲದಿಂದ ಇದನ್ನು ಪೂರಾ ಎಬ್ಬಿಸಲಾಗಿಲ್ಲ. ಇಳುವರಿಯ ಲೆಕ್ಕದಲ್ಲಿ ಗೆದ್ದ ಜೋಳ ಪರಾತದಲ್ಲಿ ಸೋತದ್ದುಂಟು. ಮುಂಗಾರಿಯ ಹೈಬ್ರಿಡ್ ಜೋಳಕ್ಕೆ ತೆನೆ ಕಟ್ಟುವಾಗ ಮಳೆ ಹಿಡಿದರೆ ಕಾಳು ಕಪ್ಪಾಗುತ್ತದೆ, ರೊಟ್ಟಿಯ ಬಣ್ಣವೂ ಹೋಗುತ್ತದೆ.

ಇಷ್ಟಾಗುವಾಗ ಒಲೆಯ ಮೇಲಿನ ನೀರು ಸುಂಯ್ ಎನ್ನತೊಡಗಿತ್ತು. ಸೊಸೆ ಸೌಟು ಎತ್ತಿದಳು.

“ತಡಿ. ಅದಿನ್ನೂ ಹಾಡಾಕತ್ತೈತಿ. ಸುಮ್ಮನಾಗಲಿ.”

ನೀರಿನ ಸುಂಯ್‌ಗುಟ್ಟುವಿಕೆ ಕ್ಷಣ ಹೊತ್ತು ಅಡಗಿತು. ಮರುಗಳಿಗೆ ಬುಳಬುಳನೆ ದೊಡ್ಡ ಗುಳ್ಳೆ ಎದ್ದವು. “ಈಗ.” ಹಿಟ್ಟಿನ ನಡುವೆ ಮಾಡಿದ ಕುಳಿಗೆ ಎಸರು ಬಿತ್ತು. ಅತ್ತೆ ಪಾತ್ರೆಯನ್ನು ಅಳೆಯಲಿಲ್ಲ, ಕುಳಿಯನ್ನೇ ನೋಡುತ್ತಿದ್ದರು. ಹಿಟ್ಟು ನೀರನ್ನು ಎಳೆದುಕೊಳ್ಳುತ್ತ ಅಂಚಿನಿಂದ ಕುಸಿಯತೊಡಗಿದಾಗ ಕೈಸನ್ನೆ ಮಾಡಿ ನಿಲ್ಲಿಸಿದರು.

ಫೋನಿನ ಪಾಠವೂ ತಪ್ಪಲ್ಲ. ಆದರೆ ಅದು ಹೇಳುವುದು ಎಷ್ಟು, ಎಷ್ಟು ಹೊತ್ತು ಎಂಬುದನ್ನು. ಈ ಅಡುಗೆಮನೆಯ ಪಾಠ ಹೇಳುವುದು ಒಂದು ಕೆಲಸ ಮುಗಿಯಿತೆಂಬ ಗುರುತು ಯಾವುದು ಎಂಬುದನ್ನು. ಹಿಟ್ಟು ನುಣ್ಣಗಿದ್ದರೆ ನೀರು ಹೆಚ್ಚು ಬೇಕು, ತರಿಯಿದ್ದರೆ ಕಡಿಮೆ, ಮಳೆಗಾಲದ ತಂಪು ಹಿಡಿದಿದ್ದರೆ ಇನ್ನೂ ಕಡಿಮೆ. ಲೋಟದ ಲೆಕ್ಕ ಇದಕ್ಕೆಲ್ಲ ಒಗ್ಗುವುದಿಲ್ಲ. ಗುರುತು ಎಲ್ಲ ಹಿಟ್ಟಿಗೂ ಒಗ್ಗುತ್ತದೆ. ಅಳತೆ ಹೇಳಲು ಬಾರದ ಕಾರಣಕ್ಕೆ ಅಜ್ಜಿಯಂದಿರು ‘ಹದ ನೋಡಿ ಹಾಕು’ ಎನ್ನುತ್ತಾರೆ ಎಂದು ಓದಿದ ನಮ್ಮಂಥವರು ಗೊಣಗುವುದಿದೆ. ಅತ್ತೆಯ ಬಾಯಲ್ಲಿ ಹದ ಎಂಬುದು ಮಸಕು ಮಾತಾಗಿರಲಿಲ್ಲ. ಒಂದೊಂದು ಹದಕ್ಕೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಾಕ್ಷಿಯಿತ್ತು.

ಎಸರಿಗೂ ಕಾರಣವಿದೆ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇದೆ, ತಣ್ಣೀರು ಹಾಕಿ ನಾದಿದರೂ ಹಿಗ್ಗುತ್ತದೆ, ಲಟ್ಟಣಿಗೆಗೆ ಬಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಜೋಳದ ಪಿಷ್ಟ ಉಬ್ಬಿ ಗಂಜಿಯಾಗುತ್ತದೆ. ರೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಆ ಗಂಜಿ. ನೀರು ಇನ್ನೂ ಹಾಡುತ್ತಿರುವಾಗಲೇ ಸುರಿದರೆ ಹಿಟ್ಟಿಗೆ ಬೆರೆಯುವಷ್ಟರಲ್ಲಿ ಆ ಬಿಸಿ ಉಳಿಯುವುದಿಲ್ಲ, ಪಿಷ್ಟ ಅರ್ಧಂಬರ್ಧ ಬೇಯುತ್ತದೆ. ಮುದ್ದೆಯ ನಾಡಿನಿಂದ ಬಂದವಳಿಗೆ ಇದು ಬೇಗ ತಲೆಗೆ ಹತ್ತಿತು. “ನಮ್ಮಲ್ಲೂ ಹಂಗೇ ಅತ್ತೆ, ಎಸರು ಕುದೀದೆ ಹಿಟ್ಟು ಬಿಟ್ರೆ ಮುದ್ದೆ ಗಂಟಾಗುತ್ತೆ” ಎಂದಳು. ಅತ್ತೆಗೆ ಸಮಾಧಾನವಾಯಿತು. ಹುಡುಗಿಗೆ ಒಲೆಯ ಭಾಷೆ ಗೊತ್ತಿದೆ, ಸೀಮೆ ಮಾತ್ರ ಬೇರೆ.

ಮುಂದಿನದು ನಾದುವುದು. ಒಟ್ಟು ಹಿಟ್ಟನ್ನು ಒಮ್ಮೆ ಕಲಸಿಟ್ಟು ಮುಗಿಸುವಂತಿಲ್ಲ. ಒಂದು ರೊಟ್ಟಿಗಾಗುವಷ್ಟು ಮುರಿದುಕೊಂಡು, ಕೈ ಒದ್ದೆ ಮಾಡಿ, ಅಂಗೈಯ ಬುಡದಿಂದ ಒತ್ತಿ ಮುಂದಕ್ಕೆ ತಳ್ಳಿ, ಮಡಚಿ, ಮತ್ತೆ ತಳ್ಳಬೇಕು. ಪ್ರತಿ ರೊಟ್ಟಿಗೂ ಹೀಗೇ. ಎಷ್ಟು ಹೊತ್ತು? ಉಂಡೆ ಮಾಡಿ ಹೆಬ್ಬೆರಳಿನಿಂದ ಅದುಮಿದಾಗ ಅಂಚು ಬಿರಿಯದಿರುವ ತನಕ. ಸೊಸೆಯ ಮೊದಲ ಉಂಡೆ ಅದುಮಿದ ಕೂಡಲೇ ಚೈತ್ರದ ಎರಿ ಹೊಲದ ಹಾಗೆ ಬಿರುಕು ಬಿಟ್ಟಿತು. ಅತ್ತೆ ಅದನ್ನು ವಾಪಸ್ ಪರಾತಕ್ಕೆ ಹಾಕಿ, ಎರಡು ಬೆರಳಲ್ಲಿ ನೀರು ಚಿಮುಕಿಸಿ, “ಇನ್ನ ಸ್ವಲ್ಪ ಸಿಟ್ಟಿನಿಂದ ನಾದು” ಎಂದರು.

ಬಡಿಯುವುದು ನೋಡಲು ಸಲೀಸು. ಕಡಪಾ ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಚಪ್ಪಟೆ ಮಾಡಿ, ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ. ರೊಟ್ಟಿ ತನ್ನಷ್ಟಕ್ಕೆ ತಿರುಗುತ್ತಿರುವಂತೆ ಕಾಣುತ್ತದೆ. ಅದನ್ನು ಯಾರೂ ತಿರುಗಿಸುವುದಿಲ್ಲ ಎಂಬುದು ಹೆಚ್ಚುಕಡಿಮೆ ನಿಜವೇ. ಪೆಟ್ಟು ನೇರ ಬೀಳದೆ ಕೊಂಚ ಓರೆಯಾಗಿ ಬೀಳುತ್ತದೆ, ಆ ಓರೆಗೇ ಅದು ಸರಿಯುತ್ತದೆ. ತಿರುಗುವುದು ನಿಂತರೆ ಕೆಳಗೆ ಒಣಹಿಟ್ಟು ತೀರಿದೆ ಎಂದರ್ಥ. ಆಗ ಬಡಿಯುತ್ತ ಹೋದರೆ ಕಲ್ಲಿಗೆ ಅಂಟಿ ಹರಿಯುತ್ತದೆ. ಕಲಿಯುವವರೆಲ್ಲ ನಡುವೆ ಬಡಿಯುತ್ತಾರೆ, ಕಣ್ಣು ಹೋಗುವುದು ಅಲ್ಲಿಗೇ. ನಡು ತೆಳುವಾಗಿ ತೂತು ಬೀಳುತ್ತದೆ, ಅಂಚು ದಪ್ಪ ಉಳಿಯುತ್ತದೆ. “ನಡುವಿನ ಚಿಂತಿ ಬಿಡು, ಅದು ತಾನ ಆಗತೈತಿ, ಅಂಚು ಹಿಡಿ” ಎಂಬುದು ಆ ಬೆಳಗಿನಲ್ಲಿ ಅತ್ತೆ ಮತ್ತೆಮತ್ತೆ ಹೇಳಿದ ಮಾತು.

ಸಾಕು ಎಂಬ ಗುರುತು ಇಲ್ಲಿ ಕಿವಿಗೆ. ರೊಟ್ಟಿ ದಪ್ಪವಿದ್ದಾಗ ಧಪ್ ಧಪ್. ತೆಳುವಾಗುತ್ತ ಬಂದಂತೆ ಅಂಗೈಗೆ ಕೆಳಗಿನ ಕಲ್ಲು ತಾಗಿ ಸದ್ದು ಪಟ್ ಪಟ್ ಎಂದು ಬಿಗಿಯಾಗುತ್ತದೆ. ಅತ್ತೆ ಬೆನ್ನು ತಿರುಗಿಸಿ ಒಲೆಗೆ ಉರಿ ಮಾಡುತ್ತಿದ್ದರೂ “ಸಾಕ ನಿಲ್ಲಸ” ಎಂದದ್ದು ಈ ಲೆಕ್ಕದಲ್ಲಿ. ದಿನದ ಬಿಸಿ ರೊಟ್ಟಿಗೆ ಸದ್ದು ಬದಲಾದ ಕೂಡಲೇ ನಿಲ್ಲಬೇಕು. ಖಡಕ್ ರೊಟ್ಟಿಗೆ ಇನ್ನೊಂದೆರಡು ಸುತ್ತು ಬಡಿದು ಮತ್ತಷ್ಟು ತೆಳು ಮಾಡಬೇಕು.

ಹಂಚಿನ ಮೇಲಿನ ಕೆಲಸ ಬೇಗ ಮುಗಿಯುತ್ತದೆ, ಎಡವುವುದೂ ಅಲ್ಲೇ. ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಅನ್ನ, ಸಾರು ಎಲ್ಲ ಅದರ ಮೇಲೆ. ಬುಟ್ಟಿಗಟ್ಟಲೆ ರೊಟ್ಟಿಗೆ ಮಾತ್ರ ಹಿತ್ತಲಿನ ಕಟ್ಟಿಗೆ ಒಲೆ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಿಂದ ಕಿತ್ತು ತಂದು ಒಟ್ಟಿದ ಹತ್ತಿಕಟ್ಟಿಗೆ ಭಗ್ಗನೆ ಉರಿದು ಬೇಗ ಆರುತ್ತದೆ, ಜತೆಗೆ ಕುಳ್ಳು ಇಟ್ಟರೆ ಕಾವು ನಿಲ್ಲುತ್ತದೆ. ಹಂಚು ಕಾದಿದೆಯೇ ಎಂದು ನೋಡಲು ಚಿವುಟು ಹಿಟ್ಟು ಉದುರಿಸಿದರು. ಹಿಟ್ಟು ನಿಧಾನಕ್ಕೆ ಕೆಂಪಗಾದರೆ ಸರಿ, ಬಿದ್ದ ತಕ್ಷಣ ಕರಕಾದರೆ ಒಂದು ಕಟ್ಟಿಗೆ ಹಿಂದಕ್ಕೆಳೆಯಬೇಕು.

ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ, ಒಣಹಿಟ್ಟು ಮೆತ್ತಿದ ಮಗ್ಗುಲು ಮೇಲೆ ಬರುವಂತೆ ಹಂಚಿಗೆ ಹಾಕಬೇಕು. ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಹಚ್ಚಬೇಕು. ಆ ಒಣಹಿಟ್ಟು ಹಾಗೇ ಉಳಿದರೆ ಹೊತ್ತಿ ಕಹಿಯಾಗುತ್ತದೆ. ನೀರು ಹಚ್ಚಿದ ರೊಟ್ಟಿ ಮಿರುಗುತ್ತದೆ. ತಿರುವುವ ಗಳಿಗೆ ಆ ಮಿರುಗಿನಲ್ಲೇ ಇದೆ: ಮಿರುಗು ಹೋಗಬೇಕು, ಬಿಳುಪು ಬರಬಾರದು. ಬೇಗ ತಿರುವಿದರೆ ಹಂಚಿಗೆ ಹಿಡಿಯುತ್ತದೆ, ತಡವಾದರೆ ಮೈ ಬಿರಿದು ಉಬ್ಬುವುದಿಲ್ಲ. ಬಿರುಕಿಲ್ಲದ ರೊಟ್ಟಿಯಲ್ಲಿ ಒಳಗಿನ ನೀರು ಹಬೆಯಾಗಿ, ಹೊರಹೋಗಲು ದಾರಿ ಸಿಗದೆ, ಮೇಲಿನ ಪದರನ್ನು ಎತ್ತುತ್ತದೆ. ಸೊಸೆಯ ಒಂದು ರೊಟ್ಟಿ ಒಂದು ಬದಿಗೆ ಉಬ್ಬಿ, ಎಲ್ಲೋ ಕಾಣದ ತೂತಿನಿಂದ ಉಸ್ಸೆಂದು ಕುಳಿತುಬಿಟ್ಟಿತು. ಅತ್ತೆ ಅರಿವೆಯ ಉಂಡೆಯಿಂದ ಆ ತೂತಿನ ಮೇಲೆ ಒತ್ತಿ ಹಿಡಿದರು. ಉಳಿದ ಅರ್ಧ ಎದ್ದಿತು.

ಖಡಕ್ ರೊಟ್ಟಿಗೆ ಇನ್ನೂ ಒಂದು ಹಂತವಿದೆ, ಆ ಹಾಳೆಯಲ್ಲಿ ಬರೆಯದೇ ಬಿಟ್ಟದ್ದು. ಬೆಂದದ್ದನ್ನು ಒಂದರ ಮೇಲೊಂದು ಪೇರಿಸಬಾರದು. ಒಲೆಯ ಗೋಡೆಗೆ ಆನಿಸಿ ನಿಲ್ಲಿಸಿ, ಉಳಿದ ಕಾವಿಗೆ ಹಸಿ ಪೂರ್ತಿ ಆರಬೇಕು. ಬಿಸಿಯಲ್ಲೇ ಪೇರಿಸಿದರೆ ಒಳಗೆ ಬೆವತು ನಾಲ್ಕು ದಿನಕ್ಕೆ ಬೂಸಲು ಹಿಡಿಯುತ್ತದೆ. ಸರಿಯಾಗಿ ಆರಿದ್ದು ವಾರಗಟ್ಟಲೆ ಕೆಡುವುದಿಲ್ಲ. ಆರಿದೆಯೋ ಇಲ್ಲವೋ ನೋಡಲು ಮೂಲೆ ಮುರಿಯಬೇಕು: ಬಗ್ಗಿದರೆ ಮತ್ತೆ ಒಲೆಗೆ, ಚಟ್ ಎಂದರೆ ಬುಟ್ಟಿಗೆ.

ರೊಟ್ಟಿಗೆ ಈ ಜಿಲ್ಲೆಯಲ್ಲಿ ಸಿಗುವ ಮರ್ಯಾದೆ ದೊಡ್ಡದು. ಮುಂಡರಗಿ ತಾಲ್ಲೂಕಿನ ಡಂಬಳದ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಎಂದೇ ಹೆಸರು. ಮನೆಮನೆಯಲ್ಲಿ ಬಡಿದ ರೊಟ್ಟಿ ಮಠಕ್ಕೆ ಬಂದು ರಾಶಿ ಬೀಳುತ್ತದೆ, ಕರಿಂಡಿ, ಭಜ್ಜಿ, ಅಗಸಿ ಚಟ್ನಿಯ ಜೊತೆ ಜಾತಿ ಕೇಳದೆ ಎಲ್ಲರೂ ಕೂತು ಉಣ್ಣುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ಜೋಳಕ್ಕೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಪಾಕೀಟಿನ ಖಡಕ್ ರೊಟ್ಟಿ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಮಷಿನ್ ರೊಟ್ಟಿಯನ್ನು ಅತ್ತೆ ಹೀಗಳೆದಾರು ಅಂದುಕೊಂಡಿದ್ದೆ. “ಮದಿವಿಗೆ ಸಾವಿರ ರೊಟ್ಟಿ ಬೇಕಂದ್ರ ಯಾರ ರಟ್ಟಿ ಮುರಕೋಬೇಕ್ರಿ? ಮಷಿನ್ ಬಂದದ್ದ ಚೊಲೋ ಆತು” ಎಂದರು. ಹೊಗೆಯ ಮುಂದೆ ಕುಕ್ಕರುಗಾಲಲ್ಲಿ ವರ್ಷಗಟ್ಟಲೆ ಕೂತವರಿಗೆ ಕೈರೊಟ್ಟಿಯ ಮೇಲೆ ನಮ್ಮಷ್ಟು ಮೋಹ ಇರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಆನಿಸಿದ ಸಾಲಿನಲ್ಲಿ ಯಾವುದು ಅತ್ತೆಯದು, ಯಾವುದು ಸೊಸೆಯದು ಎಂದು ಸುಲಭಕ್ಕೆ ತಿಳಿಯುತ್ತಿತ್ತು; ಕೊನೆಯ ಐದಾರರಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಿತ್ತು. ಹರಿದವು, ದಪ್ಪಗಾದವು, ಉಬ್ಬದವು ಬೇರೆ ತಟ್ಟೆಯಲ್ಲಿದ್ದವು. ಪಡಸಾಲೆಯಲ್ಲಿ ಕೂತಿದ್ದ ಮಾವ ಹೊತ್ತು ನೋಡಿ ಕೇಳಿದರು: “ಎಷ್ಟ ಹರದಾವ?”

“ನಿಮಗ ಸಾಲೋವಷ್ಟ ಅದಾವ ತಗೋರಿ” ಎಂದು ಒಳಗಿನಿಂದ ಉತ್ತರ ಬಂತು.

ಇದಕ್ಕೂ ಒಂದು ಪಾಠವಿತ್ತು. ಬಿಸಿ ಆರುವ ಮೊದಲೇ ಹರಿದ ರೊಟ್ಟಿಯನ್ನು ಮುರಿದು ಒಳಕಲ್ಲಿಗೆ ಹಾಕುವುದು, ಅದರ ಮೇಲೆ ಸಿಪ್ಪೆ ಸುಲಿಯದ ಬಳ್ಳೊಳ್ಳಿ ನಾಲ್ಕು ಎಸಳು, ಜೀರಿಗೆ, ಉಪ್ಪು, ಕೆಂಪು ಖಾರ. ಕುಟ್ಟುವುದು. ಪುಡಿಯಾಗುವ ತನಕ ಬೇಡ, ಒಂದಕ್ಕೊಂದು ಕಚ್ಚಿಕೊಳ್ಳುವ ತನಕ. ಆಮೇಲೆ ಕುಸುಬಿ ಎಣ್ಣೆ ಬಿಟ್ಟು ಅಂಗೈಯಲ್ಲಿ ಬಿಗಿಯಾಗಿ ಒತ್ತಿ ಮುಟಗಿ ಕಟ್ಟುವುದು. ಸೊಸೆ ಹಾಳೆ ಮಡಚಿ ಎತ್ತಿಟ್ಟು ಎಷ್ಟು ಎಣ್ಣೆ ಎಂದು ಕೇಳಿದಳು. ಬೆರಳ ಸಂದಿನಿಂದ ಇಳಿಯಬೇಕು, ಮೊಣಕೈಗೆ ಹರಿಯಬಾರದು ಎಂದರು ಅತ್ತೆ.